ಸೌಂಡ್‌ಬಾರ್: ಕಿವಿಯ ಕಡೆಯಿಂದ ಒಂದು ವಿಮರ್ಶೆ

ಟಿ.ವಿ. ಕೊಳ್ಳುವುದು ನಮ್ಮ ಮನೆಗಳಲ್ಲಿ ಪೂರ್ತಿಯಾಗಿ ಕಣ್ಣಿಗೆ ಬಿಟ್ಟ ಕೆಲಸ. ಅಂಗಡಿಯ ಗೋಡೆಯ ತುಂಬ ಹೊಳೆಯುವ ಪರದೆಗಳ ಮುಂದೆ ನಿಂತು, ಯಾವುದು ಎಷ್ಟು ಅಂಗುಲ, ಯಾವುದು ಎಷ್ಟು ತೆಳು, ಯಾವುದರಲ್ಲಿ ಕೆಂಪು ಹೆಚ್ಚು ಕೆಂಪಾಗಿದೆ ಎಂದು ನೋಡಿ ಆರಿಸುತ್ತೇವೆ. ಅದರ ದನಿ ಹೇಗಿದೆಯೆಂದು ಕೇಳುವವರಿಲ್ಲ. ಕೇಳಿದರೂ ಆ ಗದ್ದಲದಲ್ಲಿ ತಿಳಿಯುವಂತಿಲ್ಲ. ಮನೆಗೆ ಬಂದು ನಾಲ್ಕು ದಿನ ಕಳೆದ ಮೇಲೆ ಹಿರಿಯರು, “ಏನೋ ಮಾತಾಡ್ತಾರೆ, ಒಂದೂ ತಿಳಿಯೋದಿಲ್ಲ” ಎನ್ನತೊಡಗುತ್ತಾರೆ. ಕಿರಿಯರು ದನಿ ಏರಿಸುತ್ತಾರೆ. ಜಾಹೀರಾತು ಬಂದೊಡನೆ ಎಲ್ಲರೂ ಬೆಚ್ಚಿ ಇಳಿಸುತ್ತಾರೆ. ಆಗ ಯಾರಾದರೊಬ್ಬರು, “ಒಂದು ಸೌಂಡ್‌ಬಾರ್ ತಂದುಬಿಡಿ” ಎಂದು ಸಲಹೆ ಕೊಡುತ್ತಾರೆ.

ಪುಸ್ತಕ, ನಾಟಕ, ಸಂಗೀತ ಕಛೇರಿಗಳ ವಿಮರ್ಶೆ ಬರುವ ಈ ಪುಟಗಳಲ್ಲಿ ಇಂಥ ಒಂದು ಸಾಮಾನಿನ ವಿಮರ್ಶೆಗೇನು ಕೆಲಸ ಎಂದು ವಾಚಕರು ಕೇಳಬಹುದು. ನನ್ನ ಉತ್ತರ ಇಷ್ಟೇ: ನಾಟಕವನ್ನೂ ಕಛೇರಿಯನ್ನೂ ಸಿನಿಮಾವನ್ನೂ ನಾವು ಇಂದು ಹೆಚ್ಚಾಗಿ ಯಾವುದರ ಮೂಲಕ ಕೇಳುತ್ತೇವೆಯೋ ಆ ಸಾಧನವನ್ನು ಒರೆಗೆ ಹಚ್ಚದೆ ಬಿಟ್ಟರೆ, ಗಾಯಕನ ಮೇಲೆ ಹೊರಿಸಿದ ದೋಷ ಸ್ಪೀಕರಿನದಾಗಿರಬಹುದು. ಅಲ್ಲದೆ, ನಾಡಿನಿಂದ ದೂರವಿರುವ ನಮ್ಮಂಥವರ ಮನೆಗಳಲ್ಲಿ ಕನ್ನಡ ಈಗ ಕಣ್ಣಿಗಿಂತ ಕಿವಿಯ ಮೂಲಕ ಬದುಕಿದೆ. ಅದು ಎಂಥ ದನಿಯಲ್ಲಿ ಕಿವಿಗೆ ಬೀಳುತ್ತದೆ ಎನ್ನುವುದು ಬರಿಯ ಷೋಕಿಯ ಪ್ರಶ್ನೆಯಲ್ಲ.

ಮೊದಲು ರೋಗವನ್ನು ನೋಡೋಣ, ಆಮೇಲೆ ಔಷಧ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿ ‘ಆಕಾಶವಾಣಿ’ಯೆಂಬ ಹೆಸರು ಬಳಕೆಗೆ ಬಂದ ಕಾಲದಿಂದ ಬಹಳ ವರ್ಷಗಳವರೆಗೆ, ಮನೆಯ ರೇಡಿಯೋ ಎಂದರೆ ಒಂದು ಮರದ ಪೆಟ್ಟಿಗೆ. ಅದರ ಹೊಟ್ಟೆಯೊಳಗೆ ಅಂಗೈಯಗಲದ ಸ್ಪೀಕರು ಕೇಳುಗನ ಮುಖಕ್ಕೆ ನೇರವಾಗಿ ಕೂತಿತ್ತು. ಆಮೇಲೆ ಬಂದ ಪಿಕ್ಚರ್ ಟ್ಯೂಬಿನ ಟಿ.ವಿ.ಗೂ ಹೊಟ್ಟೆ ದೊಡ್ಡದೇ. ಸ್ಪೀಕರಿಗೆ ಅದರಲ್ಲಿ ಜಾಗವಿತ್ತು. ಪರದೆ ಚಪ್ಪಟೆಯಾದಂತೆ ಆ ಜಾಗ ಹೋಯಿತು. ಇಂದಿನ ಬಹುಪಾಲು ಟಿ.ವಿ.ಗಳಲ್ಲಿ ಸ್ಪೀಕರು ಬೆರಳಗಲವಾಗಿ, ನೆಲದ ಕಡೆಗೋ ಹಿಂದಿನ ಗೋಡೆಯ ಕಡೆಗೋ ಮುಖ ಮಾಡಿಕೊಂಡಿದೆ. ಮಾತಾಡುವವನು ಗೋಡೆಗೆ ಮುಖ ತಿರುಗಿಸಿ ಮಾತಾಡಿದಂತೆ ಅದರ ಮಾತು ನಮಗೆ ಬಂದು ಮುಟ್ಟುವುದು ಗೋಡೆ, ಮೇಜು, ಟೈಲ್ಸು ನೆಲಗಳಿಗೆ ತಾಗಿದ ಮೇಲೆ.

ಇದರಿಂದ ಏನು ನಷ್ಟ? ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಕೇಳಬಲ್ಲುದು. ಗಂಡಸಿನ ಮಾತಿನ ಮೂಲಸ್ವರ 100ರಿಂದ 150 ಹರ್ಟ್ಸ್ ಆಸುಪಾಸು, ಹೆಂಗಸಿನದು 200ರ ಆಸುಪಾಸು. ಆದರೆ ಮಾತಿನ ಅರ್ಥ ಮೂಲಸ್ವರದಲ್ಲಿಲ್ಲ, ವ್ಯಂಜನಗಳಲ್ಲಿದೆ. ಸಕಾರದ ಸೀಟಿಯಂಥ ದನಿ 4,000 ಹರ್ಟ್ಸ್‌ಗೂ ಮೇಲೆ. ಶಕಾರದ್ದು ಅದಕ್ಕಿಂತ ತುಸು ಕೆಳಗೆ. ನಾಲಿಗೆಯನ್ನು ಮಡಿಚಿ ಆಡುವ ಣ, ಳಗಳನ್ನು ನ, ಲಗಳಿಂದ ಬೇರೆ ಮಾಡುವ ಗುರುತು ಬಹುಮಟ್ಟಿಗೆ 2,000ದಿಂದ 3,000 ಹರ್ಟ್ಸ್ ಸುತ್ತ ಇರುತ್ತದೆ. ಗೋಡೆಗೆ ತಾಗಿ ಬರುವಾಗ ಮಸುಕಾಗುವುದು ಈ ಸೂಕ್ಷ್ಮ ಭಾಗವೇ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಭಾಗವನ್ನೇ. ಆದ್ದರಿಂದಲೇ ಅಜ್ಜಿಗೆ ‘ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ’. ದನಿ ಏರಿಸಿದರೆ ಮಸುಕಾದದ್ದು ಗಟ್ಟಿಯಾಗಿ ಮಸುಕಾಗುತ್ತದೆ, ಅಷ್ಟೆ.

ಅಜ್ಜಿಗೇನೋ ಕನ್ನಡ ಗೊತ್ತಿದೆ. ಅರ್ಧ ಕೇಳಿಸಿದರೂ ಉಳಿದರ್ಧವನ್ನು ಊಹಿಸಿಕೊಂಡಾಳು. ಮೊಮ್ಮಗುವಿನ ಗತಿ ಬೇರೆ. ‘ಹಲ್ಲಿ’ಗೂ ‘ಹಳ್ಳಿ’ಗೂ, ‘ಬಲೆ’ಗೂ ‘ಬಳೆ’ಗೂ ಇರುವ ಭೇದವನ್ನು ಅದು ಕೇಳಿಯೇ ಕಲಿಯಬೇಕು. ದೆಹಲಿಯಲ್ಲಿ ಬೆಳೆಯುವ ಮಗುವಿಗೆ ಸುತ್ತಲಿನ ಹಿಂದಿಯಲ್ಲಿ ಳಕಾರ ಸಿಗುವುದಿಲ್ಲ. ಮುಂಬಯಿ, ಪುಣೆಗಳ ಮಗುವಿಗೆ ಮರಾಠಿಯಲ್ಲಿ, ಚೆನ್ನೈ, ಹೈದರಾಬಾದುಗಳ ಮಗುವಿಗೆ ಅಲ್ಲಲ್ಲಿಯ ಭಾಷೆಯಲ್ಲಿ ಸಿಕ್ಕೀತು. ಆದರೆ ಕನ್ನಡದ ಮಾತಿನಲ್ಲಿ ಅದು ಎಲ್ಲಿ ಬರುತ್ತದೆಂಬುದನ್ನು ಕನ್ನಡ ಕೇಳಿಯೇ ತಿಳಿಯಬೇಕು. ಮನೆಯಲ್ಲಿ ಕನ್ನಡ ಆಡುವವರು ಇಬ್ಬರೋ ಮೂವರೋ. ಉಳಿದದ್ದು ಟಿ.ವಿ.ಯ ಪಾಲು.

ಇನ್ನು ಔಷಧ. ಸೌಂಡ್‌ಬಾರ್ ಎಂದರೆ ಟಿ.ವಿ.ಯ ಕೆಳಗೆ ಇಡುವ ಉದ್ದನೆಯ ಪೆಟ್ಟಿಗೆ; ಒಳಗೆ ಎರಡು, ಮೂರು ಅಥವಾ ಹೆಚ್ಚು ಸಣ್ಣ ಸ್ಪೀಕರುಗಳು, ಅವುಗಳಿಗೆ ಬೇಕಾದ ಆಂಪ್ಲಿಫೈಯರು. ಅದರ ಮೊದಲ ಗುಣ ಯಾವ ಜಾಹೀರಾತಿನಲ್ಲೂ ದಪ್ಪಕ್ಷರದಲ್ಲಿ ಬರುವುದಿಲ್ಲ: ಅದು ನಮ್ಮ ಕಡೆ ಮುಖ ಮಾಡಿ ಮಾತಾಡುತ್ತದೆ. ಎರಡನೆಯ ಗುಣ, ಜಾಗ ತಿನ್ನುವುದಿಲ್ಲ; ಒಂದು ಪ್ಲಗ್ಗು, ಒಂದು ತಂತಿ, ಸರಿಯಾಗಿ ಜೋಡಿಸಿದರೆ ಟಿ.ವಿ.ಯ ರಿಮೋಟಿನಲ್ಲೇ ಕೆಲಸ. ಹತ್ತಡಿ–ಹನ್ನೆರಡಡಿಯ ಹಾಲಿನಲ್ಲಿ ಊಟ, ಓದು, ನೆಂಟರ ಹಾಸಿಗೆ ಎಲ್ಲವೂ ನಡೆಯುವ ಕ್ವಾರ್ಟರ್ಸಿನವರಿಗೆ ಇದು ಸಣ್ಣ ಗುಣವಲ್ಲ. ಅಷ್ಟರಮಟ್ಟಿಗೆ ಸೌಂಡ್‌ಬಾರ್ ಗೌರವಕ್ಕೆ ಪಾತ್ರವಾದ ವಸ್ತು. ತಕರಾರು ಹುಟ್ಟುವುದು ಅದನ್ನು ಮಾರುವ ರೀತಿಯಲ್ಲಿ, ನಾವು ಕೊಳ್ಳುವ ರೀತಿಯಲ್ಲಿ.

ಮೊದಲ ಬಲೆ ವಾಟ್ ಎಂಬ ಅಂಕಿ. ಪೆಟ್ಟಿಗೆಯ ಮೇಲೆ 80, 200, 400, 600 ಎಂದು ಬರೆದಿರುತ್ತದೆ. ಹಿಂದೆ ಟೇಪ್‌ರೆಕಾರ್ಡರುಗಳ ಮೇಲೆ ‘ಪಿ.ಎಂ.ಪಿ.ಓ.’ ಎಂದು ಸಾವಿರಾರು ವಾಟ್ ಬರೆಯುತ್ತಿದ್ದುದು ಹಲವರಿಗೆ ನೆನಪಿರಬಹುದು. ಕೆಲವರ ಪ್ರವಾಸ ಭತ್ಯೆಯ ಬಿಲ್ಲಿನಂತೆ ಅದಕ್ಕೂ ನಡೆದ ಸಂಗತಿಗೂ ದೂರದ ಸಂಬಂಧ. ಈ ಚಾಳಿ ಹಳೆಯದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಷ್ಟು ಹಿಂದೆಯೇ ಆಂಪ್ಲಿಫೈಯರುಗಳ ವಾಟ್ ಹೇಗೆ ಅಳೆದು ಹೇಳಬೇಕೆಂದು ನಿಯಮ ಮಾಡಬೇಕಾಯಿತು. ಅಂಕಿ ನಿಜವಾಗಿದ್ದರೂ ಒಂದು ಲೆಕ್ಕ ತಿಳಿದಿರಬೇಕು: ವಾಟ್ ಹತ್ತು ಪಟ್ಟಾದರೆ ಕಿವಿಗೆ ದನಿ ಸುಮಾರು ಇಮ್ಮಡಿಯಾದಂತೆ ತೋರುತ್ತದೆ, ಹತ್ತು ಪಟ್ಟಲ್ಲ. ಸಾಧಾರಣ ಸ್ಪೀಕರಿಗೆ ಒಂದು ವಾಟ್ ಕೊಟ್ಟರೆ ಮೂರು ಮೀಟರು ದೂರದಲ್ಲಿ ಸುಮಾರು 75 ಡೆಸಿಬೆಲ್ ಕೇಳಿಸುತ್ತದೆ. ನಾವು ನೀವು ಕೂತು ಮಾತಾಡುವುದು 60ರಲ್ಲಿ. ಅಂದರೆ ಮನೆಯ ಕೇಳ್ವಿಗೆ ಒಂದೆರಡು ವಾಟ್ ಸಾಕು. ಉಳಿದದ್ದು ಮೀಸಲು ನಿಧಿ.

ಎರಡನೆಯ ಬಲೆ 2.1, 5.1, 5.1.2 ಎಂಬ ಚಾನೆಲ್ ಲೆಕ್ಕ. ಮೊದಲ ಅಂಕಿ ಸುತ್ತಲಿನ ದನಿಗಳ ಸಂಖ್ಯೆ, ಎರಡನೆಯದು ಸಬ್‌ವೂಫರ್, ಮೂರನೆಯದು ತಲೆಯ ಮೇಲಿಂದ ಬರುವಂತೆ ಕೇಳಿಸಬೇಕಾದ ದನಿಗಳು. ಈ ಮೂರನೆಯದು ಡಾಲ್ಬಿ ಅಟ್ಮಾಸ್‌ನ ಕೊಡುಗೆ. 2012ರಲ್ಲಿ ಚಿತ್ರಮಂದಿರಕ್ಕೆ ಬಂದು, 2014ರಿಂದ ಮನೆಗಳಿಗೂ ಇಳಿಯಿತು. ಕೆಲವು ಬಾರ್‌ಗಳಲ್ಲಿ ಸ್ಪೀಕರು ಚಾವಣಿಯ ಕಡೆಗೆ ದನಿ ಹೊಡೆದು, ಅದು ತಾಗಿ ಕೆಳಗಿಳಿಯುವಂತೆ ಮಾಡುತ್ತಾರೆ. ಅದಕ್ಕೆ ಚಪ್ಪಟೆಯಾದ ಗಟ್ಟಿ ಚಾವಣಿ ಬೇಕು. ಇನ್ನು ಕೆಲವಲ್ಲಿ ಮೇಲ್ಮುಖದ ಸ್ಪೀಕರೇ ಇರುವುದಿಲ್ಲ. ಗಣಿತದಿಂದ ಕಿವಿಗೆ ಭ್ರಮೆ ಹುಟ್ಟಿಸುತ್ತಾರೆ. ಇದೆಲ್ಲ ಸುಳ್ಳಲ್ಲ, ಅಟ್ಮಾಸ್‌ಗಾಗಿಯೇ ಮಿಶ್ರಣ ಮಾಡಿದ ಇಂದಿನ ದೊಡ್ಡ ಚಿತ್ರಕ್ಕೆ ಇದರಿಂದ ಮೆರುಗು ಬರುತ್ತದೆ. ಆದರೆ ನಮ್ಮ ಮನೆಯ ಟಿ.ವಿ.ಯಲ್ಲಿ ದಿನಕ್ಕೆ ಮೂರು ಗಂಟೆ ನಡೆಯುವುದು ವಾರ್ತೆ, ಧಾರಾವಾಹಿ, ಹಳೆಯ ಚಿತ್ರ, ಯೂಟ್ಯೂಬಿನ ಯಕ್ಷಗಾನ. ಅವುಗಳಲ್ಲಿ ಮೇಲಿಂದ ಬೀಳಬೇಕಾದದ್ದು ಏನೂ ಇಲ್ಲ.

ಮಾತಿಗೆ ಬೇಕಾದ ಚಾನೆಲ್ ಒಂದೇ, ಅದು ನಡುವಿನದು. ಸಿನಿಮಾದ ಬಹುಸ್ರೋತ ಧ್ವನಿಪಥದಲ್ಲಿ ಸಂಭಾಷಣೆಯನ್ನು ಇಡುವುದು ನಡುವಿನ ಚಾನೆಲಿನಲ್ಲಿ. ಬಾರ್‌ನಲ್ಲಿ ನಡುವಿಗೆ ಪ್ರತ್ಯೇಕ ಸ್ಪೀಕರು ಇದ್ದರೆ, ಸಂಗೀತ–ಗುಂಡಿನ ಸದ್ದುಗಳ ನಡುವೆಯೂ ಮಾತನ್ನು ಬೇರೆಯಾಗಿ ಎತ್ತಿ ಕೊಡಬಹುದು. 2.1ರಲ್ಲಿ ಇದು ಇಲ್ಲ, 3.1ರಲ್ಲಿ ಇದೆ. ಒಂದು ನಿದರ್ಶನ ಹೇಳುವುದಾದರೆ, 2020ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಸೋನಿಯ ಎಚ್.ಟಿ.–ಎಸ್ 20 ಆರ್. ಅದರ ಬಾರ್‌ನಲ್ಲಿ ಎಡ, ನಡು, ಬಲ ಎಂದು ಮೂರು. ಜೊತೆಗೆ ಒಂದು ಸಬ್‌ವೂಫರ್, ತಂತಿಯಿಂದ ಜೋಡಿಸುವ ಎರಡು ಹಿಂಬದಿಯ ಸ್ಪೀಕರು. ಒಟ್ಟು 400 ವಾಟ್ ಎಂಬ ಘೋಷಣೆ. ಜನ ಅದನ್ನು ಕೊಂಡದ್ದು ಹಿಂಬದಿಯ ಸ್ಪೀಕರುಗಳ ಆಸೆಯಿಂದ. ಆದರೆ ಸೋಫಾ ಹಿಂಗೋಡೆಗೆ ಆತುಕೊಂಡಿರುವ ಮನೆಯಲ್ಲಿ ‘ಹಿಂಬದಿ’ ಎಂಬ ಜಾಗವೇ ಇರುವುದಿಲ್ಲ. ಅಂಥ ಮನೆಯಲ್ಲಿ ಅದರ ನಿಜವಾದ ಬೆಲೆ ಆ ನಡುವಿನ ಸ್ಪೀಕರು.

ಸಬ್‌ವೂಫರ್ ವಿಷಯದಲ್ಲಿ ತುಸು ಭೌತಶಾಸ್ತ್ರ ಬೇಕು. 50 ಹರ್ಟ್ಸ್ ದನಿಯ ಅಲೆಯ ಉದ್ದ ಸುಮಾರು 6.9 ಮೀಟರು, ನಮ್ಮ ಹಾಲಿಗಿಂತ ದೊಡ್ಡದು. ಕಂಪನಸಂಖ್ಯೆ ಅರ್ಧವಾದಾಗ ಅಷ್ಟೇ ಗಟ್ಟಿಯಾಗಿ ಕೇಳಿಸಬೇಕಾದರೆ ಸ್ಪೀಕರಿನ ಪೊರೆ ನಾಲ್ಕು ಪಟ್ಟು ಹೆಚ್ಚು ಓಲಾಡಬೇಕು. ನಾಲ್ಕೈದು ಸೆಂಟಿಮೀಟರಿನ ಪೊರೆಗೆ ಅದು ಸಾಧ್ಯವಿಲ್ಲ. ಅದಕ್ಕೇ ಬೇರೆ ಪೆಟ್ಟಿಗೆ. ಆದರೆ ಅಗ್ಗದ ಸಬ್‌ವೂಫರ್ ಮಂದ್ರವನ್ನು ನುಡಿಸುವುದಕ್ಕಿಂತ ಹೆಚ್ಚಾಗಿ ಗುಂಯ್‌ಗುಡುತ್ತದೆ. ಗಟ್ಟಿಯಾದ ಮಂದ್ರಕ್ಕೆ ಅದರ ಮೇಲಿನ ಸ್ಥಾಯಿಯ ದನಿಗಳನ್ನು ಮರೆಮಾಡುವ ಗುಣವುಂಟು. ಪರಿಣಾಮವಾಗಿ, ಮಾತು ತಿಳಿಯಲೆಂದು ತಂದ ಯಂತ್ರವೇ ಮಾತನ್ನು ನುಂಗುತ್ತದೆ. ಅಂಗಡಿಯಲ್ಲಿ ‘ಭೇಷ್’ ಎನಿಸಿದ ಸದ್ದು ಮನೆಯಲ್ಲಿ ತಲೆನೋವು. ಮಂದ್ರದ ಅಲೆ ಗೋಡೆ–ಸ್ಲಾಬುಗಳನ್ನು ದಾಟುವುದೂ ಸುಲಭ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ನಿಯಮದ ಮಾತಿರಲಿ, ಕೆಳಮನೆಯವರ ಮುಖ ನೋಡಿಯಾದರೂ ರಾತ್ರಿ ಸಬ್‌ವೂಫರನ್ನು ತಗ್ಗಿಸಬೇಕು. ‘ನೈಟ್ ಮೋಡ್’ ಎಂಬ ಗುಂಡಿ ಇರುವ ಬಾರ್ ಇದಕ್ಕೆ ಸಹಕಾರಿ. ಗಟ್ಟಿ ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುತ್ತದೆ.

ಈಗ ಸಂಗೀತ. ಇಲ್ಲಿ ನನ್ನ ತೀರ್ಪು ಕಠಿಣ. ಸ್ಟೀರಿಯೋ ಎಂಬುದರ ಮೂಲ ಪೇಟೆಂಟಿಗೆ ಇಂಗ್ಲೆಂಡಿನ ಅಲನ್ ಬ್ಲೂಮ್ಲೈನ್ ಅರ್ಜಿ ಹಾಕಿದ್ದು 1931ರಲ್ಲಿ. ಕೇಳುಗ ಮತ್ತು ಎರಡು ಸ್ಪೀಕರುಗಳು ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರಬೇಕು, ಅಂದರೆ ನಡುವಿನ ಕೋನ 60 ಡಿಗ್ರಿ, ಎಂಬುದು ರೂಢಿಯಾದ ಸೂತ್ರ. 90 ಸೆಂಟಿಮೀಟರಿನ ಬಾರ್‌ನ ಎರಡು ತುದಿಗಳು ಮೂರು ಮೀಟರು ದೂರದಲ್ಲಿ ಕೂತವನ ಕಣ್ಣಿಗೆ 17 ಡಿಗ್ರಿ ಮಾತ್ರ. ಅದೇ ಎರಡು ಬಿಡಿ ಸ್ಪೀಕರುಗಳನ್ನು ಎರಡು ಮೀಟರು ಅಂತರದಲ್ಲಿಟ್ಟು, ಕುರ್ಚಿಯನ್ನು ಎರಡೂವರೆ ಮೀಟರಿಗೆ ಎಳೆದುಕೊಂಡರೆ ಸುಮಾರು 44 ಡಿಗ್ರಿಯಾಗುತ್ತದೆ. ಗಾಯಕ ನಡುವೆ, ಪಿಟೀಲು ಒಂದು ಕಡೆ, ಮೃದಂಗ ಇನ್ನೊಂದು ಕಡೆ ಎಂದು ವೇದಿಕೆ ಬಿಡಿಸಿಕೊಳ್ಳುವುದು ಆಗಲೇ. ಬಾರ್‌ನಲ್ಲಿ ಎಲ್ಲರೂ ಒಂದೇ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತಿರುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು ತಂಬೂರಿ. ಸರ್ ಸಿ. ವಿ. ರಾಮನ್ ನಮ್ಮಂತೆಯೇ ಕೇಂದ್ರ ಸರ್ಕಾರದ ನೌಕರರಾಗಿದ್ದವರು. 1907ರಿಂದ 1917ರವರೆಗೆ ಹಣಕಾಸು ಇಲಾಖೆಯ ಕೆಲಸ ಮಾಡುತ್ತ, ಉಳಿದ ಹೊತ್ತನ್ನು ಕಲ್ಕತ್ತೆಯ ಪ್ರಯೋಗಶಾಲೆಗೆ ಕೊಟ್ಟರು. 1921ರಲ್ಲಿ ಅವರು ವೀಣೆ, ತಂಬೂರಿಗಳ ಬಗೆಗೆ ಪ್ರಕಟಿಸಿದ ಲೇಖನದ ಸಾರ ಇದು: ತಂತಿಯನ್ನು ಮೀಟಿದ ಜಾಗಕ್ಕನುಗುಣವಾಗಿ ಕೆಲವು ಉಪಸ್ವರಗಳು ಹುಟ್ಟಬಾರದೆಂದು ಪಾಶ್ಚಾತ್ಯ ನಿಯಮ ಹೇಳುತ್ತದೆ, ಆದರೆ ನಮ್ಮ ವಾದ್ಯಗಳ ಬಾಗಿದ ಕುದುರೆಯಿಂದಾಗಿ ಅವೂ ಹುಟ್ಟುತ್ತವೆ. ಜೀವಾಳಿ ಎಂದು ನಾವು ಕರೆಯುವುದು ಆ ಉಪಸ್ವರಗಳ ಸಿರಿಯನ್ನು. ಅವು ಮೂಲಸ್ವರದಿಂದ ಸಾವಿರಾರು ಹರ್ಟ್ಸ್‌ವರೆಗೆ ಎಡೆಬಿಡದೆ ಹಬ್ಬಿರುತ್ತವೆ. ಸಬ್‌ವೂಫರೂ ಬಾರೂ ಕೈಕೈ ಬದಲಾಯಿಸುವ 100–200 ಹರ್ಟ್ಸ್ ಭಾಗದಲ್ಲಿ ಹೊಂದಾಣಿಕೆ ತಪ್ಪಿದರೆ ಗಂಡುಕಂಠದ ಷಡ್ಜ ನಿಲ್ಲುವ ಜಾಗದಲ್ಲೇ ಗುಳಿ ಬೀಳುತ್ತದೆ. ಗುಂಡಿನ ಸದ್ದಿನಲ್ಲಿ ಇದು ಗೊತ್ತಾಗುವುದಿಲ್ಲ. ಭೀಮಸೇನ ಜೋಶಿಯವರ ಕಂಠದಲ್ಲಿ ಕೂಡಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ನಾವು ಬೆಲೆಕೊಡುವ ಹಳೆಯ ಧ್ವನಿಮುದ್ರಣಗಳೂ, ಎಪ್ಪತ್ತರ ದಶಕದ ಕನ್ನಡ ಚಿತ್ರಗಳೂ ಬಹುಮಟ್ಟಿಗೆ ಮಾನೋ, ಅಂದರೆ ಒಂದೇ ಧಾರೆ. ಅವನ್ನು ‘ಸರೌಂಡ್’ ಗುಂಡಿಯೊತ್ತಿ ಕೇಳುವುದು ಹಳೆಯ ಕಪ್ಪು–ಬಿಳುಪು ಫೋಟೋಗೆ ಬಣ್ಣ ಬಳಿದಂತೆ. ಮಲ್ಲಿಕಾರ್ಜುನ ಮನ್ಸೂರರು ಕೋಣೆಯ ನಾಲ್ಕು ಮೂಲೆಗಳಿಂದ ಹಾಡಬೇಕಾಗಿಲ್ಲ. ಎದುರಿಗೆ ಕೂತು ಹಾಡಿದರೆ ಸಾಕು. ಬಾರ್ ಕೊಂಡವರು ಸಂಗೀತಕ್ಕೆ ‘ಸ್ಟ್ಯಾಂಡರ್ಡ್’ ಅಥವಾ ‘ಮ್ಯೂಸಿಕ್’, ವಾರ್ತೆಗೆ ‘ವಾಯ್ಸ್’ ಎಂದಿಟ್ಟುಕೊಳ್ಳುವುದು ಒಳಿತು.

ಹಾಗಾದರೆ ಯಾರು ಏನು ಕೊಳ್ಳಬೇಕು? ನಮ್ಮ ವರ್ಗದ ನೌಕರರಿಗೆ 2024ರ ಹಬ್ಬದ ಬೋನಸು ಹೆಚ್ಚೆಂದರೆ 6,908 ರೂಪಾಯಿ. ಆದ್ದರಿಂದ ಲಕ್ಷ ರೂಪಾಯಿಯ ಬಾರ್‌ಗಳ ಗುಣಗಾನ ಇಲ್ಲಿ ಅಪ್ರಸ್ತುತ. ಮನೆಯಲ್ಲಿ ಮಾತೇ ಮುಖ್ಯವಾಗಿದ್ದು, ಹಿರಿಯರಿದ್ದು, ಜಾಗ ಕಡಿಮೆಯಿದ್ದರೆ ನಡುವಿನ ಸ್ಪೀಕರು ಇರುವ 3.1 ಬಾರ್ ಒಳ್ಳೆಯದು. ಕೈಯಲ್ಲಿ ಅಷ್ಟಿಲ್ಲದಿದ್ದರೆ ಸಬ್‌ವೂಫರ್ ಇಲ್ಲದ ಸಾದಾ 2.0 ಬಾರ್ ಕೊಳ್ಳಬಹುದು. ಅದೇ ಬೆಲೆಯ ಗುಡುಗುವ 2.1ಕ್ಕಿಂತ ಅದು ಮೇಲು. ಸಂಗೀತ ಕೇಳುವ ಮನೆಯಾದರೆ ಬಾರ್ ಬೇಡ. ಆಂಪ್ಲಿಫೈಯರು ಒಳಗೇ ಇರುವ ಎರಡು ಬಿಡಿ ಸ್ಪೀಕರುಗಳ ಜೋಡಿ ಬೇಕು. ನಿದರ್ಶನಕ್ಕೆ ಎಡಿಫೈಯರ್ ಕಂಪನಿಯ ಆರ್ 1280 ಡಿಬಿ: ನಾಲ್ಕಂಗುಲದ ವೂಫರ್, ರೇಷ್ಮೆಯ ಪೊರೆಯ ಟ್ವೀಟರ್, ಎರಡೂ ಸೇರಿ 42 ವಾಟ್. 400 ವಾಟಿನ ಪಕ್ಕದಲ್ಲಿ 42 ಎಂದರೆ ಷೋರೂಮಿನ ಹುಡುಗ ನಕ್ಕಾನು. ಆದರೆ ಮಂದ್ರದಿಂದ ತಾರದವರೆಗೆ ಒಂದೇ ಪೆಟ್ಟಿಗೆಯಿಂದ, ಕುಗ್ಗಿ ಉಬ್ಬದೆ ಬರುವ ದನಿ ಅದರದು. ಟಿ.ವಿ.ಗೂ ಆಪ್ಟಿಕಲ್ ತಂತಿಯಿಂದ ಜೋಡಿಸಬಹುದು. ಕೊರತೆಯೂ ಉಂಟು: ಎರಡು ಕಡೆ ಜಾಗ ಬೇಕು, ರಿಮೋಟು ಎರಡಾಗುತ್ತದೆ, ಅಜ್ಜಿಗೆ ಒಂದು ಪಾಠ ಹೇಳಿಕೊಡಬೇಕು.

ಜೋಡಣೆಯ ವಿಷಯ ಸಂಕ್ಷೇಪವಾಗಿ. ಬಾರ್ ಆದರೆ ಎಚ್.ಡಿ.ಎಂ.ಐ. ತಂತಿಯನ್ನು ‘ಎ.ಆರ್.ಸಿ.’ ಎಂದು ಬರೆದಿರುವ ಕಿಂಡಿಗೇ ಹಾಕಬೇಕು, 2009ರ ಎಚ್.ಡಿ.ಎಂ.ಐ. 1.4ರಿಂದ ಈ ಸೌಲಭ್ಯ ಬಂದಿದೆ. ದನಿಯೂ ರಿಮೋಟಿನ ಅಪ್ಪಣೆಯೂ ಒಂದೇ ತಂತಿಯಲ್ಲಿ ಹೋಗುತ್ತವೆ. ಬ್ಲೂಟೂತ್ ಹಾಡಿಗೆ ಸರಿ, ಚಿತ್ರಕ್ಕೆ ಸಲ್ಲ. ದನಿ ಹಲವು ಸಲ ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ತಡವಾಗಿ, ತುಟಿ ಮುಂದೆ ಮಾತು ಹಿಂದೆ ಆಗುತ್ತದೆ.

ಕೊಳ್ಳುವ ಮುನ್ನ ಅಂಗಡಿಯವರು ತಯಾರಾಗಿಟ್ಟ ಹೆಲಿಕಾಪ್ಟರಿನ ಚಿತ್ರವನ್ನು ನಯವಾಗಿ ನಿರಾಕರಿಸಿ. ನಿಮ್ಮ ಫೋನಿನಲ್ಲಿ ಮೂರು ತುಣುಕು ಒಯ್ಯಿರಿ: ಒಂದು ಕನ್ನಡ ವಾರ್ತೆ, ತಂಬೂರಿಯೊಡನೆ ಆಲಾಪನೆಯ ಮೊದಲ ಐದು ನಿಮಿಷ, ಒಂದು ಯಕ್ಷಗಾನದ ಪದ. ವಾರ್ತೆಯನ್ನು ಮೆಲ್ಲಗೆ ಇಟ್ಟು, ಶ–ಸ, ಣ–ನ, ಳ–ಲ ಬೇರೆ ಬೇರೆಯಾಗಿ ಬರುತ್ತವೆಯೇ ನೋಡಿ. ತಂಬೂರಿ ಝೇಂಕರಿಸುತ್ತದೆಯೋ ಗುಂಯ್ ಎನ್ನುತ್ತದೆಯೋ ಕೇಳಿ. ಚೆಂಡೆಯ ಪೆಟ್ಟು ಪೆಟ್ಟಾಗಿದ್ದೂ ಭಾಗವತರ ಸಾಹಿತ್ಯ ಅದರ ನಡುವೆ ತಿಳಿಯುತ್ತದೆಯೇ ಗಮನಿಸಿ. ಸಾಧ್ಯವಾದರೆ ಮನೆಯ ಹಿರಿಯರನ್ನು ಕರೆದೊಯ್ಯಿರಿ. ಈ ಪರೀಕ್ಷೆಗೆ ಅವರ ಕಿವಿಯೇ ಪ್ರಮಾಣ.

ಕಾಸಿಲ್ಲದ ಉಪಾಯಗಳನ್ನೂ ಮೊದಲು ಮಾಡಿ ನೋಡಬಹುದು. ಟಿ.ವಿ.ಯ ಧ್ವನಿ ಪಟ್ಟಿಯಲ್ಲಿ ‘ಸ್ಪೀಚ್’ ಅಥವಾ ‘ಕ್ಲಿಯರ್ ವಾಯ್ಸ್’ ಇದ್ದರೆ ಹಾಕಿ. ಕುರ್ಚಿ ಒಂದು ಮೀಟರು ಮುಂದೆ ತನ್ನಿ. ಬರಿ ಗೋಡೆಗೆ ದಪ್ಪ ಪರದೆ, ಬರಿ ನೆಲಕ್ಕೆ ಜಮಖಾನೆ ಇರಲಿ, ಮಾರ್ದನಿ ತಗ್ಗುತ್ತದೆ. ಇದರಿಂದಲೂ, ಒಳ್ಳೆಯ ಬಾರ್‌ನಿಂದಲೂ ಹಿರಿಯರಿಗೆ ಮಾತು ತಿಳಿಯದಿದ್ದರೆ ದೋಷ ಯಂತ್ರದ್ದಲ್ಲ. ಕಿವಿ ಪರೀಕ್ಷೆ ಮಾಡಿಸಬೇಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮುಂಬಯಿಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆಯಿದೆ. ‘ವಯಸ್ಸಾಯಿತು, ಇನ್ನೇನು’ ಎಂದು ಅವರನ್ನು ಮೂಲೆಗೆ ಕೂರಿಸುವುದು ತರವಲ್ಲ.

ಸಂಘದ ಕನ್ನಡ ತರಗತಿಗೆ ಬರುವ ಮಕ್ಕಳು ಅಕ್ಷರವನ್ನು ಬೇಗ ಕಲಿಯುತ್ತಾರೆ. ಉಚ್ಚಾರ ಅಷ್ಟು ಬೇಗ ಬರುವುದಿಲ್ಲ. ಬರೆದ ‘ಳ’ವನ್ನು ಗುರುತಿಸಿ ‘ಲ’ ಎಂದು ಓದುತ್ತಾರೆ. ವಾರಕ್ಕೊಂದು ಗಂಟೆಯ ತರಗತಿ ತಿದ್ದಲಾಗದ್ದನ್ನು ದಿನಕ್ಕೆ ಮೂರು ಗಂಟೆ ಸ್ಪಷ್ಟವಾಗಿ ಕೇಳಿದ ಮಾತು ತಿದ್ದೀತು, ಅಸ್ಪಷ್ಟವಾಗಿ ಕೇಳಿದ್ದು ಕೆಡಿಸೀತು. ಸೌಂಡ್‌ಬಾರ್ ಆಗಲಿ, ಜೋಡಿ ಸ್ಪೀಕರಾಗಲಿ, ಬೆಲೆ ಎಷ್ಟೇ ಆಗಲಿ, ಒಂದು ಪದದ ಎಲ್ಲ ಅಕ್ಷರಗಳನ್ನೂ ಮೆಲುದನಿಯಲ್ಲಿ ಕೋಣೆಯ ಕೊನೆಯ ಕುರ್ಚಿಗೆ ಮುಟ್ಟಿಸುವುದು ಒಳ್ಳೆಯ ಯಂತ್ರ. ಉಳಿದ ಅಂಕಿಗಳನ್ನೆಲ್ಲ ಅಂಗಡಿಯವರಿಗೇ ಬಿಟ್ಟುಬನ್ನಿ.